ಗೋಡೆಗೆ ಬಂದ ಎರೆಹೊಲ

ಆಗುವುದಿಲ್ಲ ಎಂದು ಹೇಳಿದವನು ನನ್ನ ಸೋದರಮಾವ ಸಿದ್ದಪ್ಪ. ಅವನ ಹೆಸರನ್ನು ಮೊದಲೇ ಬರೆದುಬಿಡುತ್ತೇನೆ. ಯಾಕೆಂದರೆ ಅವನು ಬೆನ್ನ ಹಿಂದೆ ಆಡಿಕೊಂಡವನಲ್ಲ, ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವ ಹಾಗೆ ಹೇಳಿದವನು. ಅದೂ ಎರಡು ಸಲ.

ಮೊದಲ ಸಲ ಹೇಳಿದ್ದು ನಾನು ಹುನಗುಂದದ ಕಾಲೇಜಿಗೆ ಹೆಸರು ಹಚ್ಚಿದ ದಿನ. "ಕುರಿ ಕಾಯೋರ ಮನ್ಯಾಗ ಡಿಗ್ರಿ ಆಗೂದಿಲ್ಲ ಮಾಳವ್ವಾ. ಹಿಂಡು ಮುಂದಕ್ಕ ಹೊಕ್ಕೈತಿ, ನಿನ್ನ ಸಾಲಿ ಹಿಂದ ಉಳಿತೈತಿ" ಅಂದ. ಮಾತು ತೀರ ಸುಳ್ಳೂ ಆಗಿರಲಿಲ್ಲ. ನಮ್ಮದು ಬೀರಪ್ಪನ ಒಕ್ಕಲು. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಅಪ್ಪ ಅವ್ವ ಕುರಿ ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ಹೋಗುತ್ತಿದ್ದರು. ಗೊಬ್ಬರಕ್ಕಾಗಿ ರೈತರು ತಮ್ಮ ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಿದ್ದರು, ಅಂದರೆ ರಾತ್ರಿ ತಂಗಿಸಿಕೊಳ್ಳುತ್ತಿದ್ದರು, ಕಾಳು ಕೊಡುತ್ತಿದ್ದರು, ಹಿಂಡು ಮತ್ತೊಂದು ಹೊಲಕ್ಕೆ ಹೋಗುತ್ತಿತ್ತು. ನಾನು ಆಯಿಯ, ಅಂದರೆ ಅಜ್ಜಿಯ ಜೊತೆ ಊರಲ್ಲಿ ಉಳಿದು ಓದಿದೆ. ಶಾಲೆಗೆ ಸೂಟಿ ಬಂದರೆ ನಾನೂ ಹಿಂಡಿನ ಹಿಂದೆಯೇ. ಇಂಗ್ಲಿಷ್ ಪೇಪರಿಗೆ ಎರಡು ಸಲ ಕೂತೆ. ಬೇವಿನ ನೆರಳಲ್ಲಿ ಪುಸ್ತಕ ಬಿಡಿಸಿಕೊಂಡು ಕೂತರೆ ಕುರಿಗಳು ಯಾರದೋ ಕಡಲೆ ಹೊಲಕ್ಕೆ ನುಗ್ಗಿರುತ್ತಿದ್ದವು. ಆ ರೈತನ ಬೈಗುಳ ಮುಗಿಯುವಷ್ಟರಲ್ಲಿ ಓದಿದ್ದೆಲ್ಲ ಮರೆತುಹೋಗಿರುತ್ತಿತ್ತು.

ಅಂತೂ ಪಾಸಾದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಪೆನ್ನು ಹಿಡಿದವಳೇ ನಾನು ಮೊದಲು, ಅದರ ಮೇಲೆ ಬಿ.ಎ. ಬೇರೆ. ಕಾಗದ ಕೈಗೆ ಬಂದಾಗ ಅವ್ವ ಅದನ್ನು ತನ್ನ ಮದುವೆ ಸೀರೆಯ ಮಡಿಕೆಯಲ್ಲಿಟ್ಟು ಟ್ರಂಕಿಗೆ ಸೇರಿಸಿದಳು. ಮಾವ ಬಂದ, ನೋಡಿದ. "ಆತು ಬಿಡು, ಡಿಗ್ರಿ ಆತು. ಪೆಟ್ಟಿಗ್ಯಾಗ ಇಟ್ಟಿದ್ದು ಛಲೋ ಆತು, ಹೊರಗಿದ್ದರ ಆಡು ತಿಂತಿತ್ತು" ಎಂದ. ಸೋಲನ್ನು ಒಪ್ಪಿಕೊಳ್ಳುವ ಅವನ ರೀತಿ ಅದು.

ಎರಡನೆಯ ಸಲ ಹೇಳಿದ್ದು ನನಗೆ ನೌಕರಿ ಸಿಕ್ಕ ಮೇಲೆ. ಅದಕ್ಕೂ ಮೊದಲು ನಾನು ಇಳಕಲ್ಲಿನ ಒಂದು ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದೆ. ಮದುವಣಗಿತ್ತಿಯರು ಗಂಡಸಿನ ಕ್ಯಾಮರಾಕ್ಕೆ ತಲೆ ಎತ್ತುತ್ತಿರಲಿಲ್ಲ, ಅದಕ್ಕಾಗಿ ಸ್ಟುಡಿಯೋದವರಿಗೆ ಒಬ್ಬ ಹುಡುಗಿ ಬೇಕಾಗಿದ್ದಳು. ಇಳಕಲ್ ಸೀರೆಯ ಕೆಂಪು ಸೆರಗು ಕಪ್ಪುಬಿಳುಪು ಫೋಟೋದಲ್ಲಿ ಹೇಗೆ ಬರುತ್ತದೆ ಎಂಬುದು ನಾನು ಕಲಿತ ಮೊದಲ ವಿದ್ಯೆ. ಆ ಅನುಭವ ತೋರಿಸಿ, ಡಿಗ್ರಿ ಕಾಗದವನ್ನು ಟ್ರಂಕಿನಿಂದ ಹೊರಗೆ ತೆಗೆದು ತೋರಿಸಿ, ಬಾಗಲಕೋಟೆಯಲ್ಲಿ ಒಕ್ಕಲುತನಕ್ಕೆ ಸಂಬಂಧಪಟ್ಟ ಒಂದು ಸರ್ಕಾರಿ ಕಚೇರಿಯಲ್ಲಿ ಛಾಯಾಗ್ರಾಹಕಿಯಾಗಿ ಸೇರಿದೆ. ಮಾವ ಏನು ಕೆಲಸ ಎಂದು ಕೇಳಿದ. ಹೊಲದ ಫೋಟೋ ತೆಗೆಯುವುದು ಎಂದೆ. ಹೆಗಲ ಮೇಲಿನ ಕಂಬಳಿ ಜಾರುವ ತನಕ ನಕ್ಕ.

"ಎರಿ ಹೊಲದಾಗ ನೋಡಾಕ ಏನೈತಿ? ಕೆಳಗ ಮಣ್ಣು, ಮ್ಯಾಲ ಮುಗಲು. ಅದನ್ನ ಯಾರ ಗೋಡಿಗಿ ಹಾಕ್ಕೋತಾರ? ಡಿಗ್ರಿ ಮಾಡ್ದಿ, ಒಪ್ಪತೇನಿ. ಇದು ಮಾತ್ರ ಆಗೂದಿಲ್ಲ."

ಹೊರಗಿನವರಿಗೆ ಈ ಗೋಡೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆಯ ಪಡಸಾಲೆಯ ಗೋಡೆಗೆ ಕಟ್ಟು ಹಾಕಿದ ಫೋಟೋ ಬಂತೆಂದರೆ ಅದು ಒಂದೋ ದೇವರದು, ಇಲ್ಲಾ ಸತ್ತವರದು. ಬಸವಣ್ಣನೋ ಬೀರಪ್ಪನೋ ನಡುವೆ ಇರುತ್ತಾರೆ. ಪಕ್ಕದಲ್ಲಿ ಮುತ್ಯಾ, ಆಯಿ, ಹೋದ ಹಿರಿಯರು, ಕುಂಕುಮ ಹಚ್ಚಿಸಿಕೊಂಡು ಮಾಲೆ ಹಾಕಿಸಿಕೊಂಡು ಕೂತಿರುತ್ತಾರೆ. ಬದುಕಿದ್ದವರನ್ನು ಒಬ್ಬೊಬ್ಬರನ್ನಾಗಿ ಗೋಡೆಗೆ ಹಾಕುವುದಿಲ್ಲ. ಹಾಗಿರುವಾಗ ಬರೀ ಹೊಲವನ್ನು, ಅದೂ ಬದುಕಿರುವ ಹೊಲವನ್ನು ಯಾರು ಹಾಕುತ್ತಾರೆ? ಮಾವನ ಈ ಎರಡನೆಯ ಮಾತನ್ನು ನಾನು ನೌಕರಿಯುದ್ದಕ್ಕೂ ಹೆಗಲಿನ ಕ್ಯಾಮರಾ ಚೀಲದ ಜೊತೆಗೇ ಹೊತ್ತು ತಿರುಗಿದೆ. ನನಗೆ ಬಡ್ತಿ ಯಾವಾಗ ಬಂತು, ಯಾವ ವರ್ಷ ಎಷ್ಟು ಸಂಬಳ ಏರಿತು ಎಂಬುದರಲ್ಲಿ ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಏನೂ ಸಿಗುವುದಿಲ್ಲ. ನನ್ನ ಜನ ತಮ್ಮ ನೆಲವನ್ನು ಗೋಡೆಗೆ ಹಾಕಿಕೊಳ್ಳುತ್ತಾರೋ ಇಲ್ಲವೋ, ನನ್ನ ಮಟ್ಟಿಗೆ ಇದ್ದ ಪ್ರಶ್ನೆ ಅದೊಂದೇ. ಅದನ್ನೇ ಬರೆಯುತ್ತೇನೆ.

ಕೆಲಸ ಹೇಗಿತ್ತೆಂದರೆ, ಬೆಳಿಗ್ಗೆ ಜೀಪು, ಧೂಳು, ನಾಲ್ಕಾರು ಹಳ್ಳಿ. ಒಡ್ಡು ಹಾಕಿದ್ದು, ಕೃಷಿ ಹೊಂಡ ತೋಡಿದ್ದು, ಹೊಸ ಬೀಜ ಬಿತ್ತಿದ್ದು, ಇವುಗಳಿಗೆ ಸಾಕ್ಷಿಯಾಗಿ ಫೋಟೋ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ರೈತನ ಹೆಸರು, ಊರು, ಸರ್ವೆ ನಂಬರು ಬರೆದು ಅವನ ಕೈಗೆ ಕೊಟ್ಟು ನಿಲ್ಲಿಸಬೇಕು. ಹಳ್ಳಿಗಳಲ್ಲಿ ನನ್ನನ್ನು, ಮೇಡಂ ಎನ್ನುವ ಹಾಗೆ, ಫೋಟೋ ಬಾಯಾರು ಎನ್ನುತ್ತಿದ್ದರು. ಸೇರಿದ ಹೊಸತರಲ್ಲಿ ಅಕ್ಷರ ಸ್ಪಷ್ಟವಾಗಿ ಬರಲಿ ಎಂದು ಹಲಗೆಯನ್ನು ಎತ್ತಿ ಹಿಡಿಸಿ ಹಿಡಿಸಿ, ಒಂದು ಹಳ್ಳಿಯ ರೈತರೆಲ್ಲರ ಮುಖ ಹಲಗೆಯ ಹಿಂದೆ ಹೋಯಿತು. ಫೋಟೋ ನೋಡಿದ ಒಬ್ಬ ಯಜಮಾನರು, ಇದರಲ್ಲಿ ನನ್ನ ಧೋತರ ಅಷ್ಟೇ ಐತಲ್ರಿ ಬಾಯಾರೆ, ನಾ ಎಲ್ಲಿ ಹೋದೆ ಎಂದು ಕೇಳಿದರು. ಇನ್ನೊಂದು ಕಷ್ಟವೆಂದರೆ ಕ್ಯಾಮರಾ ಕಂಡ ಕೂಡಲೇ ರೈತ ಈಗ ಬಂದೆ ಎಂದು ಮನೆಗೆ ಹೋಗುತ್ತಿದ್ದ. ಜಳಕ ಮಾಡಿ, ಮದುವೆಯ ಕೋಟು ಹಾಕಿಕೊಂಡು, ರುಮಾಲು ಸುತ್ತಿಕೊಂಡು ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ಕೃಷಿ ಹೊಂಡದ ದಂಡೆಯಲ್ಲಿ ಕೋಟು ಹಾಕಿ ನಿಂತ ಎಷ್ಟು ರೈತರು ನಮ್ಮ ಕಡತಗಳಲ್ಲಿದ್ದಾರೋ. ಆಗ ಬೇಸರವಾಗುತ್ತಿತ್ತು. ಈಗ ಅನಿಸುತ್ತದೆ, ತಮ್ಮ ಹೊಲದ ಮುಂದೆ ನಿಲ್ಲಲು ಅವರು ಮದುವೆಗೆ ಹೋಗುವಂತೆ ತಯಾರಾಗಿ ಬರುತ್ತಿದ್ದರಲ್ಲ, ಅದು ಎಷ್ಟು ದೊಡ್ಡ ಮಾತು.

ನನಗೆ ಕೆಲಸ ಕಲಿಸಿದವರು ಇಮಾಮಸಾಹೇಬರು, ಕಚೇರಿಯ ಹಿರಿಯ ಛಾಯಾಗ್ರಾಹಕರು. ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲಿ ಕೂತು ಕೂತು ಅವರ ಬೆರಳುಗಳು ಔಷಧದ ಬಣ್ಣಕ್ಕೆ ತಿರುಗಿದ್ದವು. ಅವರದೊಂದು ಪದ್ಧತಿ ಇತ್ತು. ರೀಲಿನ ತುದಿಯನ್ನು ಬೆಳಕಿನಲ್ಲಿ ಹಾಳು ಮಾಡದೆ ಕತ್ತಲೆಯಲ್ಲೇ ಕ್ಯಾಮರಾಕ್ಕೆ ತೊಡಿಸಿದರೆ, ಮೂವತ್ತಾರು ಫೋಟೋದ ರೀಲಿನಲ್ಲಿ ಇನ್ನೊಂದು ಮಿಗುತ್ತಿತ್ತು. "ಮೂವತ್ತಾರು ಸರಕಾರದ್ದು ಬೇಟಿ. ಮಿಕ್ಕಿದ್ದು ಅಲ್ಲಾ ಕೊಟ್ಟಿದ್ದು. ಅದನ್ನ ನಿನ್ನ ಕಣ್ಣಿಗಿ ಖರ್ಚು ಮಾಡು" ಎಂದರು. ನನ್ನ ನೌಕರಿಯ ನಿಜವಾದ ಸಂಬಳ ಆ ಮಿಕ್ಕ ಫೋಟೋ.

ಮೊದಮೊದಲು ಅದನ್ನು ಬಾದಾಮಿಗೆ ಸುರಿದೆ. ಆ ಕಡೆ ಕೆಲಸ ಬಿದ್ದಾಗಲೆಲ್ಲ ಸಂಜೆಯ ತನಕ ಕಾದು ಕೆಂಪು ಬಂಡೆ, ಹೊಂಡದ ನೀರು, ಗುಡಿಯ ನೆರಳು ತೆಗೆದುಕೊಂಡು ಬರುತ್ತಿದ್ದೆ. ಚೆನ್ನಾಗಿಯೇ ಇದ್ದವು. ಒಣಗಲು ತೂಗುಹಾಕಿದ್ದ ಪ್ರಿಂಟುಗಳನ್ನು ಇಮಾಮಸಾಹೇಬರು ಒಂದೊಂದಾಗಿ ನೋಡಿದರು.

"ಛಲೋ ಅದಾವು. ಇಂಥಾವು ಬಾದಾಮಿ ಸ್ಟೇಷನ್ನಿನ್ಯಾಗ ಇಳದವ್ರ ಎಲ್ಲಾರ ಹಂತೇಕೂ ಅದಾವು. ನೀ ಬೆಳದಿದ್ದು ಎಲ್ಲಿ?"

"ಎರಿ ಹೊಲದಾಗ್ರಿ."

"ಮತ್ತ ಅದು ಎಲ್ಲೈತಿ ಇದರಾಗ?"

ಮರುವಾರ ಹುನಗುಂದದ ದಾರಿಯಲ್ಲಿ ಜೀಪು ನಿಲ್ಲಿಸಿ, ನನ್ನ ಕ್ಯಾಮರಾದಿಂದ ರೀಲು ತೆಗೆದು ತಮ್ಮ ಕಿಸೆಯಲ್ಲಿಟ್ಟುಕೊಂಡು, ನನ್ನನ್ನು ಒಂದು ಬದುವಿನ ಮೇಲೆ ಕೂಡಿಸಿ ಹೋದರು. ಖಾಲಿ ಕ್ಯಾಮರಾದಲ್ಲಿ ನೋಡುತ್ತಿರು, ತಾವು ಕೆಲಸ ಮುಗಿಸಿ ಬರುವ ತನಕ ಏಳಬೇಡ ಎಂದರು. ನನಗೆ ಸಿಟ್ಟು ಬಂತು. ಆ ನೆಲ ನನಗೆ ಹೊಸದೇ? ಹುಟ್ಟಿದಾಗಿನಿಂದ ಅದರ ಮೇಲೆಯೇ ನಡೆದವಳು. ಆದರೆ ಕೂತ ಮೇಲೆ ತಿಳಿಯಿತು, ಅದುವರೆಗೆ ಆ ನೆಲವನ್ನು ನಾನು ನೋಡಿದ್ದು ಕುರಿಯ ಹೊಟ್ಟೆಯ ಲೆಕ್ಕದಲ್ಲಿ. ಎಲ್ಲಿ ಹುಲ್ಲು, ಎಲ್ಲಿ ನೀರು, ಎಲ್ಲಿ ಮುಳ್ಳು, ಯಾವ ರೈತ ಬೈಯುತ್ತಾನೆ. ನೋಡುವುದಕ್ಕಾಗಿ ನೋಡಿದ್ದೇ ಇಲ್ಲ.

ಬೇಸಿಗೆಯ ಕೊನೆ ಅದು. ಎರೆಯ ಕರಿ ಮಣ್ಣು ಬಾಯಿ ಬಿಟ್ಟಿತ್ತು. ಬಿರುಕುಗಳ ಅಂಚಿನಲ್ಲಿ ಬೆಳಕು ಕೂತು, ಒಳಗೆ ನೆರಳು ಇಳಿದು, ಇಡೀ ಹೊಲ ಬಿಡಿಸಿ ಹಾಸಿದ ಬಲೆಯ ಹಾಗೆ ಕಾಣುತ್ತಿತ್ತು. ಹೊತ್ತು ಇಳಿದಂತೆ ಆ ಬಲೆ ಅಗಲವಾಗುತ್ತ ಹೋಯಿತು. ದೂರದ ಒಂಟಿ ಜಾಲಿ ಗಿಡದ ನೆರಳು ನೆಲದ ಮೇಲೆ ಹರಿದು ನನ್ನ ಕಾಲ ಹತ್ತಿರದ ತನಕ ಬಂತು. ಅಷ್ಟರಲ್ಲಿ ಒಂದು ಚಿಗರಿ, ಒಂಟಿ ಜಿಂಕೆ, ಎಲ್ಲಿಂದಲೋ ಬಂದು ನಿಂತು, ನನ್ನನ್ನು ನೋಡಿ, ನಾನು ಏನೂ ಅಲ್ಲ ಎಂದು ತೀರ್ಮಾನಿಸಿ ಹೋಯಿತು. ಕ್ಯಾಮರಾದಲ್ಲಿ ರೀಲು ಇರಲಿಲ್ಲ. ಆ ಚಿಗರಿ ಇವತ್ತಿಗೂ ನನ್ನ ಹತ್ತಿರ ಫೋಟೋ ಆಗಿ ಇಲ್ಲ, ಆದರೆ ಅದರ ಕಿವಿ ಹೇಗೆ ತಿರುಗಿತೆಂದು ಈಗಲೂ ಹೇಳಬಲ್ಲೆ.

ಆಮೇಲೆ ನನ್ನ ಮಿಕ್ಕ ಫೋಟೋಗಳೆಲ್ಲ ಬಯಲಿನವೇ. ಮೊದಲ ಮಳೆ ಬಿದ್ದ ಮರುದಿನ ಬಿರುಕುಗಳು ಮುಚ್ಚಿಕೊಂಡು, ನೆಲ ಎಣ್ಣೆ ಹಚ್ಚಿದ ಬಂಡಿಯ ಗಾಲಿಯ ಹಾಗೆ ಮಿಂಚುವುದು. ಕೂರಿಗೆಯ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ಒಂದೇ ಹೆಜ್ಜೆಯಲ್ಲಿ ನಡೆಯುವ ಹೆಣ್ಣುಮಕ್ಕಳು. ಬಿಳಿಜೋಳ ತೆನೆ ಕಟ್ಟುವಾಗ ಗಾಳಿ ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಬೀಳುವ ಬಗೆ. ಜೋಳದ ಅಂಚಿಗೆ ಬಿತ್ತಿದ ಕುಸುಬಿಯ ಹಳದಿ ಹೂವು ಬರಬರುತ್ತ ಕೇಸರಿಗೆ ತಿರುಗುವುದು. ಅದನ್ನು ಕಪ್ಪುಬಿಳುಪಿನಲ್ಲಿ ತೆಗೆಯಬೇಕಾಗಿತ್ತಲ್ಲ ಎಂದು ಎಷ್ಟು ಹೊಟ್ಟೆ ಉರಿದಿದೆಯೋ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಚಳಿಗಾಲದ ಕಡಲೆ ಹೊಲ. ಕಡಲೆ ಎಲೆಯ ಮೇಲೆ ಇಬ್ಬನಿ ಬಿದ್ದರೆ ಅದು ಹುಳಿಯಾಗುತ್ತದೆ. ಮನೆಮದ್ದಿಗೆ ಅದು ಬೇಕೆಂದು ಹೆಂಗಸರು ಬಿಳಿ ಬಟ್ಟೆಯನ್ನು ಗಿಡಗಳ ಮೇಲೆ ಹಾಸಿ ಹೋಗಿ, ಬೆಳಗಾಗುವ ಮೊದಲು ಬಂದು ಹಿಂಡಿಕೊಳ್ಳುತ್ತಾರೆ. ಹಸಿರು ಹೊಲದ ನಡುವೆ ಒದ್ದೆ ಬಿಳಿ ಬಟ್ಟೆ, ಅದರ ಕೆಳಗಿನ ಗಿಡಗಳ ಉಬ್ಬುತಗ್ಗು, ಪಕ್ಕದಲ್ಲಿ ಹಿತ್ತಾಳೆಯ ತಂಬಿಗೆ. ಸೂರ್ಯ ಇನ್ನೂ ಬಂದಿಲ್ಲ, ಆದರೆ ಬಟ್ಟೆಗೆ ಆಗಲೇ ಬೆಳಕು ಬಂದಿದೆ. ಅಂಥದ್ದನ್ನು ತೆಗೆಯಲು ಎಲ್ಲಿಗೂ ಹೋಗಬೇಕಾಗಿಲ್ಲ. ಬೇಗ ಏಳಬೇಕು, ಅಷ್ಟೇ.

ಗೋಡೆಯ ಪ್ರಶ್ನೆಗೆ ನಾನು ಕೈ ಹಾಕಿ ಕೆಟ್ಟದ್ದು ಆ ದಿನಗಳಲ್ಲೇ. ಹುನಗುಂದ ತಾಲೂಕಿನ ಒಬ್ಬ ರೈತ, ಬಸಪ್ಪನವರು, ಹೋದಾಗಲೆಲ್ಲ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ಅವರ ಜೋಳದ ಹೊಲದ ಒಂದು ಫೋಟೋ ಅಪರೂಪವಾಗಿ ಬಂದಿತ್ತು. ದೊಡ್ಡದಾಗಿ ತೊಳೆಸಿ, ಇಳಕಲ್ಲಿನಲ್ಲಿ ಕಟ್ಟು ಹಾಕಿಸಿ, ಹಾಳೆಯಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದೆ. ಬಸಪ್ಪನವರು ಇರಲಿಲ್ಲ, ಅವರ ತಾಯಿ ಇದ್ದರು. ಹಾಳೆಯ ಮೂಲೆಯಲ್ಲಿ ಕಟ್ಟಿನ ಮರ ಕಂಡದ್ದೇ ತಡ, ಆ ಮುದುಕಿಯ ಮುಖ ಇಳಿಯಿತು.

"ಯಾರ ಹೋದ್ರ ಯವ್ವಾ?" ಎಂದರು.

ಯಾರೂ ಹೋಗಿಲ್ಲ ಆಯಿ, ನಿಮ್ಮ ಹೊಲದ ಫೋಟೋ ಎಂದು ನಗುತ್ತ ಬಿಚ್ಚಿ ತೋರಿಸಿದೆ. ಅವರು ನಗಲಿಲ್ಲ. ಹೊಲಕ್ಕೆ ಏನಾಯಿತು, ಯಾರಿಗಾದರೂ ಬರೆದುಕೊಟ್ಟನೇನು ನನ್ನ ಮಗ, ನನಗೆ ಹೇಳದೇ ಮಾರಿದನೇನು ಎಂದು ಶುರು ಮಾಡಿದರು. ಓಣಿಯ ಹೆಂಗಸರು ಕೂಡಿದರು. ಬಸಪ್ಪನವರು ಓಡಿ ಬಂದು, ಹೊಲ ಇದ್ದಲ್ಲೇ ಐತಿ ಎಂದು ತಾಯಿಯನ್ನು ಕೈ ಹಿಡಿದು ಕರೆದೊಯ್ದು ತೋರಿಸಿಕೊಂಡು ಬರಬೇಕಾಯಿತು. ಕುರಿ ಕಾಯುವವರ ಮಗಳು, ಅದೇ ನೆಲದವಳು ನಾನು, ಇಷ್ಟು ಹೊಳೆಯಬಾರದೇ? ಡಿಗ್ರಿಯ ಹುರುಪಿನಲ್ಲಿ ಗೋಡೆಯ ಅರ್ಥವನ್ನೇ ಮರೆತಿದ್ದೆ. ಬಸಪ್ಪನವರು ಕಟ್ಟನ್ನು ಮರ್ಯಾದೆಯಿಂದಲೇ ನನ್ನ ಕೈಗೆ ಹಿಂತಿರುಗಿಸಿ, ಮತ್ತೆ ಮಜ್ಜಿಗೆ ಕೊಟ್ಟರು. ಸುದ್ದಿ ನನಗಿಂತ ಮೊದಲು ನಮ್ಮೂರು ಮುಟ್ಟಿತ್ತು. ಮಾವ ಕಟ್ಟೆಯ ಮೇಲೆ ಕಾಯುತ್ತಿದ್ದ. "ಏನವಾ ಡಿಗ್ರಿ, ಹೊಲದ ದಿನಾ ಮಾಡಿ ಬಂದ್ಯಂತ?" ಎಂದ. ದಿನಾ ಎಂದರೆ ಸತ್ತವರ ತಿಥಿ. ಮುಂದೆ ಎಷ್ಟೋ ವರ್ಷ ಯಾವ ಮದುವೆಗೆ ಹೋದರೂ ಈ ಮಾತು ನನಗಿಂತ ಮುಂಚೆ ಬಂದು ಕೂತಿರುತ್ತಿತ್ತು.

ಮೇಲಧಿಕಾರಿಗಳ ವಿಷಯಕ್ಕೆ ಬಂದರೆ ಪಾಟೀಲ ಸಾಹೇಬರನ್ನು ಬಿಟ್ಟು ಮುಂದೆ ಹೋಗಲಾರೆ. ಶಿಸ್ತಿನ ಮನುಷ್ಯ. ಒಂದು ದಿನ ರೀಲು ತಪಾಸಣೆ ಮಾಡುವಾಗ ಮೂವತ್ತಾರು ಹೊಂಡ ಒಡ್ಡುಗಳ ಕೊನೆಗೆ ಒಂದು ಮೋಡ ಕಂಡಿತು ಅವರಿಗೆ. ಕರೆಸಿದರು. ಸರ್ಕಾರದ ರೀಲಿನಲ್ಲಿ ಮೋಡ ತೆಗೆಯುತ್ತೀರೇನು, ಯಾವ ಯೋಜನೆಯ ಮೋಡ ಇದು ಎಂದು ಕೇಳಿದರು. ಇಮಾಮಸಾಹೇಬರು ನನ್ನ ಪರವಾಗಿ, ಅದು ರೀಲಿನ ಮಿಕ್ಕ ತುಂಡು, ಹೇಗಿದ್ದರೂ ಕತ್ತರಿಸಿ ಒಗೆಯುವುದು ಎಂದರು. ಸಾಹೇಬರು ಬಗ್ಗಲಿಲ್ಲ. ಅಂದಿನಿಂದ ನನ್ನ ಬಯಲಿಗೆ ನಾನೇ ರೀಲು ಕೊಂಡೆ.

ಅದೇ ಪಾಟೀಲ ಸಾಹೇಬರು ವರ್ಗವಾಗಿ ಹೋಗುವ ದಿನ ಕತ್ತಲೆ ಕೋಣೆಯ ಬಾಗಿಲು ತಟ್ಟಿದರು. ಆ ಕಡಲೆ ಹೊಲದ ಬಿಳಿ ಬಟ್ಟೆಯ ಫೋಟೋದ್ದು ಒಂದು ಪ್ರತಿ ಸಿಗಬಹುದೇ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅವರ ತಾಯಿ ಹಾಗೆ ಬಟ್ಟೆ ಹಿಂಡುತ್ತಿದ್ದರಂತೆ. ನಾನು ಹಿಗ್ಗಿ, ಕಟ್ಟು ಹಾಕಿಸಿ ಕೊಡುತ್ತೇನೆ ಸರ್, ಗೋಡೆಗೆ ಹಾಕಿಕೊಳ್ಳಿ ಎಂದೆ. ಅವರು ಗಾಬರಿಯಾದರು. "ಬ್ಯಾಡ್ರಿ, ಗೋಡಿಗಿ ಹಾಕಿದ್ರ ನಮ್ಮ ಮನಿಯವ್ರು ಸುಮ್ನಿರೂದಿಲ್ಲ. ಟ್ರಂಕಿನ್ಯಾಗ ಇಟಗೊಂಡು ಆಗಾಗ ನೋಡ್ತೇನಿ." ಸುರುಳಿ ಸುತ್ತಿ ಒಯ್ದರು. ಅಷ್ಟು ದೊಡ್ಡ ಅಧಿಕಾರಿಯ ಮನೆಯಲ್ಲೂ ನನ್ನ ಹೊಲಕ್ಕೆ ಸಿಕ್ಕಿದ್ದು ಟ್ರಂಕೇ.

ಮುಂದೆ ಆಲಮಟ್ಟಿಯ ಹಿನ್ನೀರು ಬಂತು. ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳು, ಹೊಳೆಯ ದಂಡೆಯ ಹೊಲಗಳು ಒಂದೊಂದಾಗಿ ನೀರಿಗೆ ಹೋದವು, ಜನ ನವನಗರಕ್ಕೆ ಬಂದರು. ಆಗ ಗಂಗವ್ವ ಎಂಬ ಹೆಣ್ಣುಮಗಳು ಕಚೇರಿಗೆ ನನ್ನನ್ನು ಹುಡುಕಿಕೊಂಡು ಬಂದರು. ಹಿಂದೊಮ್ಮೆ ನಾನು ಅವರ ಹೊಲದಲ್ಲಿ ನಿಂತು ಫೋಟೋ ಹೊಡೆದದ್ದು ಅವರಿಗೆ ನೆನಪಿತ್ತು. ಅದು ಇದೆಯೇ ಎಂದು ಕೇಳಿದರು. ಹುಡುಕಿದೆ, ಇತ್ತು. ರೀಲಿನ ಕೊನೆಯದು. ಬನ್ನಿ ಗಿಡ, ಅದಕ್ಕೆ ಒರಗಿಸಿ ನಿಲ್ಲಿಸಿದ ಬಂಡಿ, ಹಿಂದೆ ಹೊಳೆಯ ಸಣ್ಣ ಗೆರೆ. ತೊಳೆದು ಕೊಟ್ಟೆ. ಕೆಲ ದಿನಗಳ ಮೇಲೆ ಚಹಾಕ್ಕೆ ಕರೆದರು. ಹೊಸ ಮನೆಯ ಗೋಡೆಯ ಮೇಲೆ, ತೀರಿಕೊಂಡ ಗಂಡನ ಫೋಟೋದ ಪಕ್ಕದಲ್ಲಿ, ಆ ಹೊಲ ಇತ್ತು. ಕುಂಕುಮ ಹಚ್ಚಿದ್ದರು. ಚೆಂಡುಹೂವಿನ ಮಾಲೆ ಹಾಕಿದ್ದರು.

ಹೊಲವೊಂದು ಗೋಡೆಗೆ ಬಂದಿತ್ತು. ಆದರೆ ಮಾವನ ಮಾತನ್ನು ಸುಳ್ಳು ಮಾಡಿ ಬಂದದ್ದಲ್ಲ, ಖರೆ ಮಾಡಿ, ಸತ್ತವರ ಸಾಲಿನಲ್ಲಿ ಬಂದದ್ದು. ಗಂಗವ್ವ ಕಪ್ಪಿಗೆ ಇನ್ನಷ್ಟು ಚಹಾ ಬಸಿದರು. "ದಿನಾ ಮುಂಜಾನೆ ಕೈ ಮುಗೀತೇನ್ರಿ ಬಾಯಾರೆ. ಬಂಡಿ ಅಲ್ಲೇ ನಿಂತೈತಿ ಅನಸ್ತೈತಿ" ಎಂದರು. ನಾನು ಕಣ್ಣು ಒರೆಸಿಕೊಂಡೆ. ಅವರ ಪಾಲಿಗೆ ಆ ಫೋಟೋಕ್ಕಿಂತ ದೊಡ್ಡದನ್ನು ನಾನು ಇನ್ನೆಂದೂ ತೆಗೆಯಲಾರೆ ಎಂದು ಗೊತ್ತಿತ್ತು. ಆದರೂ ಮನಸ್ಸಿನಲ್ಲಿ ಉಳಿದದ್ದು ಒಂದೇ ಆಸೆ. ಉಳುತ್ತಿರುವ, ಬಿತ್ತುತ್ತಿರುವ, ಕುರಿ ಮೇಯುತ್ತಿರುವ ಹೊಲ ಮಾಲೆಯಿಲ್ಲದೆ ಒಂದು ಗೋಡೆಗೆ ಬರಬೇಕು.

ಮಾವನ ಹಿಂಡಿನ ಫೋಟೋ ತೆಗೆದದ್ದು ಅದಾದ ಮೇಲೆ. ಅದುವರೆಗೆ ಅವನು ಬಿಟ್ಟಿರಲಿಲ್ಲ. ದೃಷ್ಟಿಯಾಗುತ್ತದೆ ಎಂಬುದು ಒಂದು, ಹಿಂಡನ್ನು ಎಣಿಸಬಾರದು ಎಂಬುದು ಇನ್ನೊಂದು. ನಮ್ಮಲ್ಲಿ ಕುರಿ ಎಷ್ಟು ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಹೇಳುವುದೂ ಇಲ್ಲ. ಒಂದು ಚಳಿಗಾಲದ ಮುಂಜಾನೆ ತುಳಸಿಗೇರಿಯ ಕಡೆಯಿಂದ ಬರುವಾಗ ದಾರಿಯ ಬದಿಯ ಎರೆಹೊಲದಲ್ಲಿ ಅವನ ಹಿಂಡು ತರುಬಿದ್ದು ಕಂಡಿತು. ಜೋಳ ಕೊಯ್ದ ಕೂಳೆ, ನೆಲದಿಂದ ಏಳುವ ಮಂಜು, ಕುರಿಗಳ ಉಸಿರಿನ ಹೊಗೆ, ನಡುವೆ ಕಂಬಳಿ ಹೊದ್ದು ನಿಂತ ಮಾವ. ಜೀಪಿನಿಂದ ಇಳಿದು ಹೋಗಿ ಕೇಳಿದೆ. ಬೇಡ ಎಂದ. ಮತ್ತೆ ಕೇಳಿದೆ. ಕೊನೆಗೆ ಒಂದು ಕರಾರು ಹಾಕಿದ.

"ಎಲ್ಲಾ ಕುರಿ ಒಂದ ಫೋಟೋದಾಗ ಬರಬಾರದು. ಎಲ್ಲಾ ಸಿಕ್ಕರ ಯಾವನರ ಖಾಲಿ ಕುಂತಾಂವ ಎಣಸ್ತಾನ."

ನನಗೆ ನಗು ಬಂತು, ಆದರೆ ಮಾತು ಕೊಟ್ಟೆ. ಹಿಂಡನ್ನು ಚೌಕಟ್ಟಿನಲ್ಲಿ ಪೂರ್ತಿ ಕೂಡಿಸದೆ, ಎಡಕ್ಕೆ ಅರ್ಧ ಹೊರಗೆ ಬಿಟ್ಟೆ. ತೊಳೆದು ನೋಡಿದೆ. ಕುರಿಗಳು ಅಂಚನ್ನು ದಾಟಿ ಹೋಗುತ್ತಲೇ ಇದ್ದವು, ಬಯಲು ಮುಗಿಯುತ್ತಲೇ ಇರಲಿಲ್ಲ. ಅಷ್ಟು ವರ್ಷ ನಾನು ಮಾಡುತ್ತ ಬಂದದ್ದು ಎಲ್ಲವನ್ನೂ ಚೌಕಟ್ಟಿನೊಳಗೆ ತುಂಬುವ ಕೆಲಸ, ಹಲಗೆ, ರೈತ, ಹೊಂಡ, ಬೆಳೆ. ಈ ಬಯಲು ತುಂಬಿದರೆ ಸಣ್ಣದಾಗುತ್ತದೆ, ಹೊರಗೆ ಬಿಟ್ಟರೆ ದೊಡ್ಡದಾಗುತ್ತದೆ. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬಹುದಾದ ಗಟ್ಟಿ ಮಾತು ಇದೊಂದೇ.

ಆಮೇಲೆ ರೀಲು ಹೋಯಿತು. ಡಿಜಿಟಲ್ ಕ್ಯಾಮರಾ ಬಂತು, ಕತ್ತಲೆ ಕೋಣೆಯಲ್ಲಿ ಹಳೇ ಕುರ್ಚಿ ಒಟ್ಟಿದರು. ಇಮಾಮಸಾಹೇಬರು ಅದಕ್ಕೂ ಮೊದಲೇ ನಿವೃತ್ತರಾಗಿದ್ದರು. ಹೊಸ ಕ್ಯಾಮರಾ ತೋರಿಸಲು ಅವರ ಮನೆಗೆ ಹೋದಾಗ, ಇದರಲ್ಲಿ ಎಷ್ಟು ಹಿಡಿಸುತ್ತವೆ ಎಂದು ಕೇಳಿ, ನಾನು ಹೇಳಿದ್ದು ಕೇಳಿ, ಹಾಗಾದರೆ ಮಿಕ್ಕಿದ್ದು ಯಾವುದು ಎಂದರು. ಈಗ ಎಲ್ಲರ ಕೈಯಲ್ಲೂ ಫೋನಿದೆ, ರೈತನೇ ತನ್ನ ಹೊಂಡದ ಫೋಟೋ ಕಳಿಸುತ್ತಾನೆ, ಅದರಲ್ಲಿ ದಿನ, ಜಾಗ ಎಲ್ಲ ತಾನೇ ಬರುತ್ತದೆ. ಒಳ್ಳೆಯದೇ ಆಯಿತು. ಹಲಗೆಯ ಹಿಂದೆ ಯಾರ ಮುಖವೂ ಹೋಗುವುದಿಲ್ಲ. ಕುಸುಬಿಯ ಕೇಸರಿ ಕೇಸರಿಯಾಗಿಯೇ ಬರುತ್ತದೆ. ನಾನು ಮಾತ್ರ ಹಳೇ ಚಾಳಿ ಬಿಡಲಿಲ್ಲ. ದಿನದ ಕೆಲಸ ಮುಗಿದ ಮೇಲೆ ಒಂದೇ ಒಂದು ನನ್ನದು ಎಂದು ತೆಗೆದು ಕ್ಯಾಮರಾ ಮುಚ್ಚುತ್ತಿದ್ದೆ.

ನಿವೃತ್ತಿಯಾದ ಮೇಲೆ ಬಾಗಲಕೋಟೆಯ ಒಂದು ಕಾಲೇಜಿನವರು ವಿದ್ಯಾರ್ಥಿಗಳಿಗೆ ಫೋಟೋ ತೆಗೆಯುವುದನ್ನು ಕಲಿಸಿ ಎಂದು ಕರೆದರು. ಇಮಾಮಸಾಹೇಬರು ಮಾಡಿದ್ದನ್ನೇ ಮಾಡಿದೆ. ಫೋನುಗಳನ್ನು ಕಸಿದುಕೊಂಡು ಬದುವಿನ ಮೇಲೆ ಕೂಡಿಸಿದೆ. ಬೈದುಕೊಂಡರು. ಆದರೆ ಅವರಲ್ಲಿ ಒಬ್ಬಳು ಆಮೇಲೆ ತನ್ನ ಮನೆಯ ಹಿಂದಿನ ಗೋಡೆಯ ಫೋಟೋ ತೆಗೆದುಕೊಂಡು ಬಂದಳು. ಗೋಡೆಯ ತುಂಬ ತಟ್ಟಿದ ಸಗಣಿಯ ಕುಳ್ಳು, ಪ್ರತಿಯೊಂದರ ಮೇಲೂ ಅವಳ ಅವ್ವನ ಐದು ಬೆರಳಿನ ಗುರುತು. ದಿನವೂ ನೋಡುತ್ತಿದ್ದೆ ಮೇಡಂ, ಕಂಡಿರಲಿಲ್ಲ ಎಂದಳು. ತರಬೇತಿ ಮುಗಿಯುವ ದಿನ ವಿದ್ಯಾರ್ಥಿಗಳ ಫೋಟೋಗಳ ಜೊತೆ ನನ್ನ ಬಯಲಿನ ಫೋಟೋಗಳನ್ನೂ ಕಾಲೇಜಿನ ದೊಡ್ಡ ಕೋಣೆಯ ಗೋಡೆಗಳಿಗೆ ಹಾಕಿದರು.

ಮಾವನಿಗೆ ಹೇಳಿ ಕಳಿಸಿದ್ದೆ. ಬರುತ್ತಾನೆಂದು ಎಣಿಸಿರಲಿಲ್ಲ. ಈಗ ಅವನಿಗೆ ಹಿಂಡಿನ ಹಿಂದೆ ಹೋಗಲು ಆಗುವುದಿಲ್ಲ, ಮಕ್ಕಳು ಹೋಗುತ್ತಾರೆ. ಅವನು ಬಸ್ಸು ಹತ್ತಿ, ಕಂಬಳಿ ಹೊದ್ದು, ಕೋಲು ಊರಿಕೊಂಡು ಬಂದೇ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಬಿಡಬೇಕಾಗಿಲ್ಲ ಎಂದೆ. "ಇಷ್ಟ ಮಂದಿ ಗೋಡಿ ಮ್ಯಾಲ ಅದಾರ, ಹಂಗ ಒಳಗ ಹೋಗಾಕ ಬರ್ತೈತೇನು?" ಎಂದು ಒಳಗೆ ನಡೆದ.

ಒಂದೊಂದೇ ಫೋಟೋದ ಮುಂದೆ ನಿಂತ. ಬಿರುಕು ಬಿಟ್ಟ ನೆಲ, ಕೂರಿಗೆ, ಜೋಳ, ಕಡಲೆ ಹೊಲದ ಬಟ್ಟೆ. ಗಂಗವ್ವನ ಬನ್ನಿ ಗಿಡದ ಮುಂದೆ ಕೈ ಮುಗಿದ, ಅದು ನೀರಿಗೆ ಹೋದ ಹೊಲ ಎಂದು ನಾನು ಹೇಳಿದ್ದೆ. ಉಳಿದವಕ್ಕೆ ಮುಗಿಯಲಿಲ್ಲ. ಅವುಗಳ ಗಾಜಿನ ಹತ್ತಿರ ಮುಖ ಒಯ್ದು, ಕುಂಕುಮ ಏನಾದರೂ ಇದೆಯೇ ಎಂದು ನೋಡುತ್ತಿದ್ದ, ಇಲ್ಲವೆಂದು ಖಾತ್ರಿಯಾದ ಮೇಲೆ ಸಾವಕಾಶವಾಗಿ ಹಿಂದೆ ಸರಿದು ನೋಡುತ್ತಿದ್ದ. ತನ್ನ ಹಿಂಡಿನ ಎದುರು ಬಂದಾಗ ಕೋಲನ್ನು ಎರಡೂ ಕೈಯಿಂದ ಹಿಡಿದು ನಿಂತುಬಿಟ್ಟ. ಹಿಂದೆ ನಿಂತಿದ್ದ ವಿದ್ಯಾರ್ಥಿಗಳು ಸುತ್ತುಹಾಕಿ ಮುಂದೆ ಹೋದರು. ಫೋಟೋದ ಎಡ ಅಂಚಿನ ಆಚೆ, ಖಾಲಿ ಗೋಡೆಯ ಮೇಲೆ ಅವನ ಕಣ್ಣು ಹೋಗುತ್ತಿತ್ತು, ಅಲ್ಲಿ ಉಳಿದ ಕುರಿ ಇವೆಯೋ ಎಂಬಂತೆ.

ಕಾರ್ಯಕ್ರಮದ ಕೊನೆಗೆ ಮಕ್ಕಳಿಗೆ ಪ್ರಮಾಣಪತ್ರ ಹಂಚಿದರು. ಆಮೇಲೆ ಪ್ರಾಂಶುಪಾಲರು ನನ್ನ ಹೆಸರು ಕರೆದರು. ನನಗೂ ಒಂದು ಮಾಡಿಸಿದ್ದರು, ಗಾಜು ಹಾಕಿ ಕಟ್ಟು ಕಟ್ಟಿಸಿ. ಅದನ್ನು ನಮ್ಮ ಮಾವನ ಕೈಯಿಂದ ಕೊಡಿಸಿ ಎಂದು ಕೇಳಿಕೊಂಡೆ. ಮಾವ ಮೊದಲು ಒಲ್ಲೆ ಎಂದ. ಆಮೇಲೆ ಎದ್ದು ಬಂದು, ಅಂಗೈಗಳನ್ನು ಕಂಬಳಿಗೆ ಒರೆಸಿಕೊಂಡು, ಆ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದ. ನನ್ನ ಹೆಸರು ಎಲ್ಲಿದೆ ಎಂದು ಕೇಳಿದ. ತೋರಿಸಿದೆ. ಅದರ ಮೇಲೆ ಬೆರಳು ಆಡಿಸಿದ. ಬಿ.ಎ. ಎಂದು ಬರೆದದ್ದು ಎಲ್ಲಿ ಎಂದ. ಅದನ್ನೂ ತೋರಿಸಿದೆ. ಆಗ ನನ್ನ ಕೈಗೆ ಕೊಟ್ಟ, ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಂತರೂ ಅವನು ಕಟ್ಟಿನ ಮೇಲಿನ ಕೈ ತೆಗೆದಿರಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ:

"ಈ ಕಾಗದಾ ನಿಮ್ಮವ್ವನ ಪೆಟ್ಟಿಗ್ಯಾಗ ಇಡು, ಆ ಹಳೇದರ ಜೋಡಿ. ಕುರಿ ಹೊಲದ್ದು ನನಗ ಕೊಡು ಮಾಳವ್ವಾ, ನಮ್ಮ ಪಡಸಾಲ್ಯಾಗ ಹಾಕೂಣು. ಮಾಲಿ ತರಬ್ಯಾಡ. ಬರೂ ಮುಂದ ಒಂದ ಮೊಳಿ ತಗೊಂಡ ಬಾ."